ಕಂಬಣ್ಣನ ಮೊಣಕಾಲು

ಮಾರ್ಚ್ ಹನ್ನೊಂದು, ಬುಧವಾರ
ಸ್ಕ್ಯಾನಿಂಗ್ ಕೋಣೆಯ ಮೇಜಿನಿಂದ

ಪ್ರೀತಿಯ ಅಣ್ಣನಿಗೆ,

ಒಂದೇ ಊರಿನಲ್ಲಿದ್ದುಕೊಂಡು, ದಿನಕ್ಕೆ ಆರು ಸಲ ನಿನ್ನ ಬಸ್ಸು ನಮ್ಮ ಆಸ್ಪತ್ರೆಯ ಮುಂದೆ ಹಾದುಹೋಗುವಾಗ, ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳಬೇಡ. ಫೋನಿನಲ್ಲಿ ಕೇಳಿದರೆ ನೀನು ನಕ್ಕು ಮಾತು ತಿರುಗಿಸುತ್ತೀಯ. ಎದುರಿಗೆ ಕೇಳಿದರೆ ನಾನು ಅತ್ತುಬಿಡುತ್ತೇನೆ. ಕಾಗದಕ್ಕೆ ಎರಡೂ ಬರುವುದಿಲ್ಲ.

ಸುತ್ತಿ ಬಳಸಿ ಕೇಳುವುದಿಲ್ಲ. ಕಂಬಣ್ಣನ ಮೊಣಕಾಲಿನ ವಿಷಯ ನಿನಗೆ ಹೇಗೆ ಗೊತ್ತಾಯಿತು?

ಹೋದ ತಿಂಗಳು ಒಂದು ಶನಿವಾರ ಮಗಳ ಕೂದಲು ಕತ್ತರಿಸಲು ನಿಮ್ಮ ಕ್ಷೌರಿಕನ ಅಂಗಡಿಗೆ ಬಂದಿದ್ದೆ, ನೆನಪಿದೆಯಲ್ಲ. ಅಂದು ಅಲ್ಲಿ ಕೂದಲಿಗಿಂತ ಮಾತೇ ಹೆಚ್ಚು ಉದುರುತ್ತಿತ್ತು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದವರು ಗಾಯಗೊಂಡ ಸೆಂಟರ್ ಆಟಗಾರ ಕಂಬಣ್ಣನನ್ನು ಬಂದರಿನ ತಂಡಕ್ಕೆ ಕೊಟ್ಟು, ಬದಲಿಗೆ ಅವರ ಇಬ್ಬರು ಎಳೆಯ ಗಾರ್ಡ್‌ಗಳನ್ನು ತರುತ್ತಾರಂತೆ ಎಂಬುದೇ ಚರ್ಚೆ. ಬರೀ ಉಳುಕು, ಎರಡು ವಾರದಲ್ಲಿ ಸರಿಹೋಗುತ್ತದೆ ಎಂದು ಕ್ಲಬ್ಬಿನವರು ಹೇಳಿಕೆ ಕೊಟ್ಟಿದ್ದರು.

"ಆನೆ ಇದ್ರೂ ಸಾವಿರ, ಬಿದ್ರೂ ಸಾವಿರ ಕಣ್ರೀ," ಎಂದ ಕ್ಷೌರಿಕ. "ಹನ್ನೆರಡು ವರ್ಷ ಬುಟ್ಟಿ ಕಾಯ್ದವನನ್ನ ಎರಡು ಪಿಳ್ಳೆಗಳಿಗೆ ಬದ್ಲಿ ಕೊಡೋದಾ?"

ಬೆಂಚಿನಲ್ಲಿದ್ದ ನಿವೃತ್ತ ರೆಫರಿ ಒಪ್ಪಲಿಲ್ಲ. "ಅವನು ಸುಮ್ನೆ ನಿಂತ್ರೂ ಎದುರಾಳಿ ಹತ್ರ ಬರಲ್ಲ, ಅದು ನಿಜ. ಆದ್ರೆ ಈಗಿನ ಆಟ ನಿಲ್ಲೋರದ್ದಲ್ಲ, ಓಡೋರದ್ದು."

ಕಂಬಣ್ಣನ ಬಗ್ಗೆ ಒಂದು ಕೆಟ್ಟ ಮಾತು ಬಂದರೆ ಮೈಮೇಲೆ ಬರುವವನು ನೀನು. ಬಸ್ಸಿನಲ್ಲಿ ಸ್ಟೀರಿಂಗ್ ಪಕ್ಕ ಅವನ ಚಿತ್ರ ಅಂಟಿಸಿಕೊಂಡವನು. ಅಂಥ ನೀನು ಅಂದು ಹೇಳಿದ್ದೇನು?

"ಇವತ್ತೇ ಕೊಟ್ಟುಬಿಡ್ಲಿ. ಆ ಮೊಣಕಾಲೊಳಗಿನ ಮೆತ್ತೆ ಪೂರ್ತಿ ಸವೆದು ಎಲುಬಿಗೆ ಎಲುಬು ತಾಗ್ತಿದೆ. ಅವನಿನ್ನು ಆಡಲ್ಲ. ಬಂದರಿನವ್ರಿಗೆ ಗೊತ್ತಾಗೋದ್ರೊಳಗೆ ದಾಟಿಸ್ಬೇಕು."

ಕತ್ತರಿ ನನ್ನ ಮಗಳ ಕಿವಿಯ ಪಕ್ಕ ಗಾಳಿಯಲ್ಲೇ ನಿಂತಿತು. ಮೂಲೆಯ ಕುರ್ಚಿಯಲ್ಲಿ ನಾನಿದ್ದದ್ದು ನಿನಗೆ ಮರೆತೇಹೋಗಿತ್ತು ಅನ್ನಿಸುತ್ತದೆ. ಕನ್ನಡಿಯಲ್ಲಿ ನನ್ನ ಮುಖ ಕಂಡದ್ದೇ ತಡ, ನೀನು ಚಪ್ಪಲಿ ಹುಡುಕಿಕೊಂಡು ಹೊರಟೆ.

ಗೋಡೆಗೆ ಕಿವಿ ಮಾತ್ರ ಇರುತ್ತದೆ, ಕ್ಷೌರದಂಗಡಿಗೆ ಬಾಯಿಯೂ ಇರುತ್ತದೆ. ಸೋಮವಾರ ಅದು ಪತ್ರಿಕೆಯಲ್ಲಿ ಬಂತು. ಮಂಗಳವಾರ ಬಂದರಿನವರು ಮಾತುಕತೆ ಮುರಿದರು. ಕಂಬಣ್ಣ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಎಂಬಂತಾದ.

ನಮ್ಮ ಆಸ್ಪತ್ರೆಯಲ್ಲಿ ತೆಗೆದ ಅವನ ಸ್ಕ್ಯಾನಿನ ಫಲಿತಾಂಶ ಗೊತ್ತಿದ್ದದ್ದು ನಾಲ್ವರಿಗೆ: ಡಾಕ್ಟರು, ಕ್ಲಬ್ಬಿನ ಮ್ಯಾನೇಜರು, ನಮ್ಮ ಹಿರಿಯ ತಂತ್ರಜ್ಞರು, ನಾನು. ಸ್ಕ್ಯಾನ್ ಆದ ದಿನ ನೀನು ನನ್ನ ಕನ್ನಡಕ ಕೊಡಲು ಬಂದಿದ್ದೆ. ಒಬ್ಬ ಮುದುಕಿಯನ್ನು ಮಂಚದಿಂದ ಇಳಿಸಲು ನಾನು ಒಳಗೆ ಹೋದೆ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಕಂಪ್ಯೂಟರಿನ ಪರದೆಯಲ್ಲಿ ಆ ಫಲಿತಾಂಶ ತೆರೆದೇ ಇತ್ತು. ಮರಳಿದಾಗ ನೀನು ಮೇಜಿಗೆ ಬೆನ್ನು ಮಾಡಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅದು ಹಿಂದಿನ ವರ್ಷದ್ದು, ಅಣ್ಣ. ಹಳೆಯ ವರ್ಷವನ್ನು ಅಷ್ಟು ಆಸಕ್ತಿಯಿಂದ ಓದುವವರನ್ನು ನಾನು ಕಂಡಿಲ್ಲ.

ಆ ಪಾಳಿ ಹಿರಿಯರ ಹೆಸರಿನಲ್ಲಿದ್ದುದರಿಂದ, ಸುದ್ದಿ ಸೋರಿದ್ದರ ವಿಚಾರಣೆ ಮುಗಿಯುವವರೆಗೆ ಅವರೇ ಮನೆಯಲ್ಲಿರಬೇಕೆಂದು ಆದೇಶವಾಯಿತು. ಹೆದರಿದ ಮಕ್ಕಳಿಗೆ ಕಲ್ಲಾಗುವ ಆಟ ಹೇಳಿಕೊಟ್ಟು ಅಲುಗಾಡದಂತೆ ಮಲಗಿಸುವುದನ್ನು ನನಗೆ ಕಲಿಸಿದವರು ಅವರು. "ನನ್ನ ಪಾಳಿ, ನನ್ನ ಹೊಣೆ," ಎಂದಷ್ಟೇ ಹೇಳಿ ನನ್ನ ಕೈಗೆ ಕೋಣೆಯ ಕೀಲಿ ಕೊಟ್ಟರು. ಕೊಡುವಾಗ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನನ್ನನ್ನು ನೋಡಿದರು. ಅಂದಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಡಾಕ್ಟರ ಕಾರು ಓಡಿಸುವವನ ನಗು, ನೆಲ ಒರೆಸುವಾಕೆ ಬಾಗಿಲ ಬಳಿ ತಡೆದು ನಿಲ್ಲುವುದು, ಎಲ್ಲದಕ್ಕೂ ನಾನೊಂದು ಅರ್ಥ ಹಚ್ಚುತ್ತೇನೆ.

ಹೋದ ಶುಕ್ರವಾರ ಕಂಬಣ್ಣ ಎರಡನೇ ಸ್ಕ್ಯಾನಿಗೆ ಬಂದಿದ್ದ. ನಮ್ಮ ಮಂಚ ಅವನಿಗೆ ಒಂದು ಗೇಣು ಸಾಲದು. ಪಾದದ ಕೆಳಗೆ ಸ್ಟೂಲಿಟ್ಟು ದಿಂಬು ಹಾಕಿದೆ. ಅವನಾಗಿಯೇ ಮಾತು ತೆಗೆದ. "ನನ್ನನ್ನ ಕೊಟ್ಟುಬಿಡ್ತಾರೆ ಅಂತ ಬೇಜಾರಿರ್ಲಿಲ್ಲ ಅಕ್ಕಾ. ಆಟದಲ್ಲಿ ಅದೆಲ್ಲ ಇದ್ದದ್ದೇ. ಆದ್ರೆ ಇನ್ನು ಆಡೋಕಾಗಲ್ಲ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ನಾನೂ ಪೇಪರ್‌ನಲ್ಲೇ ಓದಿದ್ದು. ನನ್ನ ಹೆಂಡತಿ ಓದಿ ಹೇಳಿದ್ಳು."

ನಾನು ಅಲುಗಾಡಬೇಡಿ ಎಂದೆ.

ನೀವೆಲ್ಲ ಕೂತು ಅವನ ಬೆಲೆ ಕಟ್ಟಿದಿರಿ, ಒಂದು ಸೆಂಟರಿಗೆ ಎಷ್ಟು ಗಾರ್ಡು ಎಂದು. ನನಗೆ ಅದರ ಮೇಲೆ ಸಿಟ್ಟಿಲ್ಲ, ಅಭಿಮಾನಿಗಳು ಅಂದಮೇಲೆ ಅದು ಇದ್ದದ್ದೇ. ನನಗೆ ಬೇಕಾದ್ದು ಒಂದೇ ಸಾಲು. ಪರದೆ ನೋಡಿದೆಯಾ, ಇಲ್ಲವಾ? ನೋಡಿದ್ದರೆ ನೋಡಿದೆ ಎಂದು ಬರೆ. ತಂಗಿಗೆ ಹೇಳಲಾಗದ್ದನ್ನು ಕ್ಷೌರದಂಗಡಿಯಲ್ಲಿ ಹೇಳಿದವನು ನೀನು, ಈಗ ತಂಗಿಗೂ ಹೇಳು.

ನಿನ್ನನ್ನು ನಂಬಲೂ ಆಗದೆ ಬಿಡಲೂ ಆಗದೆ,
ನಿನ್ನ ತಂಗಿ

ತಾ.ಕ.: ಯಾರಿಗೂ ಹೇಳಿಲ್ಲ ಎಂದು ವಿಚಾರಣೆಯಲ್ಲಿ ನಾನು ಸಹಿ ಹಾಕಿದ್ದು ಸುಳ್ಳು. ಸ್ಕ್ಯಾನ್ ಆದ ಸಂಜೆ ಅತ್ತಿಗೆ ಫೋನ್ ಮಾಡಿದ್ದಳು. ಧ್ವನಿ ಯಾಕೆ ಹೀಗಿದೆ ಎಂದಳು. ನಾನು ಎಲ್ಲ ಹೇಳಿಬಿಟ್ಟೆ. ನಿನಗೆ ಹೇಳಬಾರದೆಂದೂ ಹೇಳಿದೆ. ಅವಳು ಹೇಳಿದಳೋ ಇಲ್ಲವೋ ಕೇಳಲು ಧೈರ್ಯವಾಗಿಲ್ಲ, ಅದಕ್ಕೇ ಈ ಕಾಗದ ನಿನ್ನ ಡಿಪೋ ವಿಳಾಸಕ್ಕೆ ಬರುತ್ತಿದೆ. ಇಂದು ಬೆಳಿಗ್ಗೆ ಅತ್ತಿಗೆಯ ವಿಷಯವನ್ನೂ ಸೇರಿಸಿ ಮೇಲಧಿಕಾರಿಗೆ ಬರೆದುಕೊಟ್ಟೆ. ಅದರಲ್ಲಿ ನಿನ್ನ ಹೆಸರಿಲ್ಲ. ಹಿರಿಯರು ನಾಳೆ ಕೆಲಸಕ್ಕೆ ಬರುತ್ತಾರೆ, ನಾನು ಬರುವುದಿಲ್ಲ. ಇಷ್ಟಾದ ಮೇಲೆ ನಿನ್ನ ಉತ್ತರದಿಂದ ಯಾರಿಗೂ ಏನೂ ಆಗಬೇಕಿಲ್ಲ. ಆದರೂ ಕಾಯುತ್ತೇನೆ. ನೀನು ಕದ್ದು ನೋಡಿದ್ದೇ ಹೌದಾದರೆ ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಹೇಗೋ ಇದ್ದುಬಿಡಬಹುದು. ಅದೇ ಆಗಿರಲಿ, ಅಣ್ಣ.