ಬೇಲಿಯೊಳಗಿನ ಇಲಿ

ಆಗಸ್ಟ್ ೨೭, ಬುಧವಾರ

ಬೇಲಿ ಭದ್ರ, ಗಿಡ ಛಿದ್ರ. ಬೆಳಗಿನಿಂದ ತಲೆಯೊಳಗೆ ಇದೇ ಪ್ರಾಸ ಕುಣಿಯುತ್ತಿದೆ.

ಚಳಿ ಕಡಿಮೆಯಾದಾಗಿನಿಂದ ವಿಲೋ ಪೊದೆ ನಮ್ಮ ಟಂಡ್ರಾ ಬಯಲನ್ನೆಲ್ಲ ನುಂಗುತ್ತಿದೆ. ಬಿಲದ ಇಲಿಗಳು ತೊಗಟೆ ಕಡಿದು ಅದನ್ನು ಎಷ್ಟು ತಡೆಯುತ್ತವೆ ಎಂದು ತಿಳಿಯಲು, ಒಂದು ತುಂಡು ನೆಲಕ್ಕೆ ಇಲಿ ನುಗ್ಗದಂತೆ ಬೇಲಿ ಕಟ್ಟಿ ಆರು ವರ್ಷದಿಂದ ಕಾಯುತ್ತಿದ್ದೇನೆ. ಹೊರಗಿನ ವಿಲೋ ನನ್ನ ಮೊಣಕಾಲಿಗೆ, ಒಳಗಿನದು ಎದೆಗೆ ಬಂದಿತ್ತು. ನಾಳೆ ಅಳೆಯಲು ಈ ಪ್ರಯೋಗ ನಡೆಸುವ ಪ್ರೊಫೆಸರಮ್ಮ ವಿಮಾನದಲ್ಲಿ ಬರುತ್ತಾರೆ. ಇವತ್ತು ನೋಡಿದರೆ ಒಳಗೆ ಬರೀ ಮೋಟು. ನಡುವೆ, ಪಾಚಿಯ ಮೇಲೆ, ಒಂದು ಒಣ ಸಾಲ್ಮನ್ ಮೀನು.

ಮೀನು ನೋಡಿದ ಕೂಡಲೇ ಕಳ್ಳರ ಪತ್ತೆಯಾಯಿತು. ಅತ್ತೆ ಅಗಾಫ್ಯಾ ಅಂಗಳದಲ್ಲಿ ಕೂತು, ಒಣಗಿಸುವ ಮೀನು ಮಡಚಿಕೊಳ್ಳದಂತೆ ಅದಕ್ಕೆ ವಿಲೋ ಕಡ್ಡಿ ಸಿಕ್ಕಿಸುತ್ತಿದ್ದರು.

“ಅತ್ತೆ, ನನ್ನ ಗಿಡ ಕಡಿದ್ರಾ?”

“ಹೊರಗಿನದನ್ನೆಲ್ಲ ಇಲಿ ಕಡಿದು ಡೊಂಕು ಮಾಡಿಟ್ಟಿದೆ. ನಿನ್ನದು ಎಷ್ಟು ನೆಟ್ಟಗಿತ್ತು ಅಂತೀಯ!”

ಆರು ವರ್ಷದ ಫಲಿತಾಂಶವನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

“ಕೇಳದೇ ತಗೊಂಡ್ರಲ್ಲ!”

“ಇಲಿ ಬಿಲದಲ್ಲಿ ಕೂಡಿಟ್ಟ ಗೆಡ್ಡೆ ತೆಗೆದ್ರೂ ಬದಲಿಗೆ ಮೀನಿಟ್ಟು ಬರೋಳು ನಾನು. ಅಳಿಯನ ಹತ್ರ ಬಿಟ್ಟಿ ತಗೋತೀನಾ? ದೊಡ್ಡದೇ ಇಟ್ಟಿದ್ದೀನಲ್ಲೋ.”

ಹೆಂಡತಿ ನಸ್ತಾಸ್ಯಾ ಕೇಳಿದ್ದು ಇಷ್ಟೇ: “ಆ ಮೀನು ತಂದ್ಯಾ, ಅಲ್ಲೇ ಬಿಟ್ಟ್ಯಾ?”

ತಂದೆ. ತಿಂದೆ. ಚೆನ್ನಾಗಿತ್ತು, ಅದೇ ಸಿಟ್ಟು.

ಈಗ ವರದಿ ತುಂಬಬೇಕು. ‘ಗಿಡ ಕಡಿದ ಪ್ರಾಣಿ’ ಎಂಬಲ್ಲಿ ಸುಳ್ಳು ಬರೆಯಲಾರೆ. ಬರೆದೆ: ಒಂದು, ಹೆಣ್ಣು, ಎರಡು ಕಾಲು, ವಯಸ್ಸು ಎಪ್ಪತ್ತೊಂದು, ಬೇಲಿಗೆ ಬಗ್ಗುವುದಿಲ್ಲ. ‘ಮುಂದೆ ತಡೆಯುವ ಉಪಾಯ’ ಎಂಬಲ್ಲಿ ಪೆನ್ನು ನಿಂತಿದೆ. ಮನೆಯೊಳಗಿನಿಂದ ಅತ್ತೆ ಕೂಗುತ್ತಿದ್ದಾರೆ, ಇನ್ನೊಂದು ಬೇಲಿ ಯಾವಾಗ ಕಟ್ಟುತ್ತೀಯೋ ಎಂದು.