ಮೂವತ್ತೆಂಟು ಹೆಸರುಗಳ ಪಟ್ಟಿ

೧೨ ಜನವರಿ ೨೦೧೬, ಚಿದ್ರಿ, ಬೀದರ್
ನಳಕ್ಕೆ ಇವತ್ತೂ ನೀರಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ವಾಪಸ್ ಬಂತು. ಊರಲ್ಲೆಲ್ಲ ಬರ, ಗೈಡ್ ವಾಹೀದ ಸರ್ ಅವರ ಕೆಂಪು ಪೆನ್ನಿಗೆ ಮಾತ್ರ ಇಲ್ಲ. ‘ಬರದಿಂದ ಜನ ಗುಳೆ ಹೋಗುತ್ತಾರೆ’ ಎಂದು ಬರೆದಿದ್ದೆ. ಪಕ್ಕದಲ್ಲಿ ಮೂರು ಪ್ರಶ್ನೆ — ಯಾರು? ಎಷ್ಟು ಮಂದಿ? ನಿನಗೆ ಯಾರು ಹೇಳಿದರು?
ಸಿಟ್ಟು ಬಂತು. ಅಪ್ಪ, ಅವ್ವ ಈಗಲೂ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುತ್ತಿದ್ದಾರೆ. ನನಗೆ ಯಾರು ಹೇಳಬೇಕು?

೭ ಫೆಬ್ರವರಿ, ಮೆಹಕರ
ಭಾಲ್ಕಿ ಬಸ್ಸಿನಲ್ಲಿ ನಿಂತೇ ಊರಿಗೆ ಬಂದೆ. ಕಬ್ಬು ಕಡಿಯುವವರ ಟೋಳಿ, ಅಂದರೆ ಗುಂಪು, ಕರೆದೊಯ್ಯುವ ಮುಕಾದಮ ಪಂಢರಿ ಕಾಕಾ ಲಗ್ನಕ್ಕೆಂದು ಬಂದಿದ್ದರು. ಟೋಳಿಯ ಪಟ್ಟಿ ಕೇಳಿದೆ, ಕೊಟ್ಟೇಬಿಟ್ಟರು! ಮೂವತ್ತೆಂಟು ಹೆಸರು, ಎಲ್ಲ ಗಂಡಸರು. ಹನ್ನೆರಡನೇ ಸಾಲು ಅಪ್ಪ — ಧೊಂಡಿಬಾ.

೧೮ ಫೆಬ್ರವರಿ
ಕೋಷ್ಟಕ ಹಾಕಿದೆ. ಒಟ್ಟು ವಲಸಿಗರು ೩೮, ಮಹಿಳೆಯರು ೦. ಕೆಳಗೆ ತೀರ್ಮಾನ: ‘ಮಹಿಳೆಯರು ಊರಲ್ಲೇ ಉಳಿದು ಮನೆ ನೋಡಿಕೊಳ್ಳುತ್ತಾರೆ.’ ಸರ್ ಮೊದಲ ಸಲ ಕೆಂಪು ಮುಟ್ಟಿಸಲಿಲ್ಲ. ಖುಷಿಗೆ ಎರಡು ಸಮೋಸ ತಿಂದೆ.

೧೩ ಮಾರ್ಚ್, ಮೆಹಕರ
ಈ ವರ್ಷ ಅಲ್ಲಿಯೂ ಕಬ್ಬು ಒಣಗಿ ಟೋಳಿ ಬೇಗ ಮರಳಿದೆ. ಅವ್ವ ಓದು ಬಲ್ಲವಳಲ್ಲ. ‘ಏನ್ ಬರ್ದೀ, ಓದಿ ಹೇಳು’ ಎಂದಳು. ಜಂಬದಿಂದ ಪಟ್ಟಿ ಓದುತ್ತ ಹನ್ನೆರಡನೇ ಸಾಲಿಗೆ ಬಂದೆ. ಧೊಂಡಿಬಾ. ಕಾಶೀರಾಮ...
“ತಡಿ. ನಿಮ್ಮಪ್ಪನ ಬಾಜೂಕ ನಾ ಎಲ್ಲಿ ಹೋದೆ?”
ಪಟ್ಟಿಯ ಮೇಲೆ ಮತ್ತೆ ಬೆರಳಾಡಿಸಿದೆ.
“ಅವಾ ಕಡೀತಾನ. ಹೊರಿ ಕಟ್ಟಾಕಿ ಯಾರು? ತಲಿ ಮ್ಯಾಲ ಹೊತ್ತು ಗಾಡಿ ತುಂಬಾಕಿ ಯಾರು?”
ಟೋಳಿಗೆ ಒಂಟಿ ಗಂಡಸನ್ನು ಸೇರಿಸುವುದಿಲ್ಲ. ಜೋಡಿಯೇ ಬೇಕು, ಬರೆಯುವುದು ಗಂಡಸಿನ ಹೆಸರೊಂದೇ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ವರ್ಷಕ್ಕೆ ಆರು ತಿಂಗಳು ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟುಹೋದವಳು ಇದೇ ಅವ್ವ ಅಲ್ಲವೇ? ಕಾಗದ ನಂಬಿ ಅವ್ವನನ್ನೇ ಸೊನ್ನೆ ಮಾಡಿದೆ. ನಾಚಿಕೆಯಿಂದ ಸತ್ತೆ.

೧೫ ಮಾರ್ಚ್, ಬೀದರ್
ಮೂವತ್ತೊಂದಕ್ಕೆ ಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೆ ವರ್ಷ ಹೋಯಿತು. ಆದರೂ ಸರ್‌ಗೆ ಎಲ್ಲ ಹೇಳಿದೆ. ಬೈಯಲಿಲ್ಲ. ‘ನಾನೂ ನೋಡಿ ಸುಮ್ಮನೆ ಬಿಟ್ಟೆ, ನನ್ನ ತಪ್ಪೂ ಹೌದು’ ಎಂದರು.
“ಮುಚ್ಚಿಡಬ್ಯಾಡ ಬೇಟಾ. ಎಲ್ಲಿ ತಪ್ಪಿದಿ, ಯಾರು ತೋರಿಸಿದ್ರು, ಹಂಗೇ ಬರಿ. ಮತ್ತ ಮನಿ ಮನಿಗೆ ಹೋಗು.”
ಎಂಥ ಗುರು ಸಿಕ್ಕರು ನನಗೆ!

೨೬ ಮಾರ್ಚ್, ಮೆಹಕರ
ಮೂವತ್ತೆಂಟೂ ಮನೆ ಮುಗಿದವು. ಅವ್ವ ದಿನಾ ಜೊತೆಗೆ ಬಂದಳು. ನನ್ನ ಮುಂದೆ ಬಾಯಿ ಬಿಡದವರು ಅವಳ ಮುಂದೆ ಬಿಟ್ಟರು. ಟ್ಯಾಂಕರ್ ನೀರಿನಲ್ಲೂ ಪ್ರತಿ ಮನೆಯಲ್ಲಿ ಚಹಾ. ತಮಾಷೆ ಎಂದರೆ, ಹೆಂಗಸರು ತಮ್ಮ ಹೆಸರು ಹೇಳುತ್ತಾರೆ, ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಶೇವಂತಾಬಾಯಿ ಸೆರಗು ಅಡ್ಡ ಹಿಡಿದು ನಕ್ಕದ್ದೇ ನಕ್ಕದ್ದು. ನನ್ನ ಫಾರ್ಮಿನಲ್ಲಿ ಈ ಸಲ ಗಂಡಸರ ಕಾಲಂ ಖಾಲಿ! ಯಾರು ಯಾರ ಹೆಂಡತಿ ಎಂದು ಪಟ್ಟಿಗೆ ಹೊಂದಿಸಿ ಅದನ್ನೂ ಅವ್ವನೇ ತುಂಬಿಸಿದಳು.
ಮೂವತ್ತಾರು ಗಂಡ–ಹೆಂಡತಿ, ಒಂದು ಅಣ್ಣ–ತಮ್ಮ, ಒಂದು ಅಪ್ಪ–ಮಗಳು. ಒಟ್ಟು ೭೬. ಮಹಿಳೆಯರು ೩೭.

೩೦ ಮಾರ್ಚ್, ಚಿದ್ರಿ, ರಾತ್ರಿ ೧೦
ಮಕ್ಬೂಲ ಭಾಯ್ ಅಂಗಡಿಯಲ್ಲಿ ಟೈಪಿಂಗ್. ಅಂಗಡಿ ಮುಚ್ಚದೆ ನನಗಾಗಿ ಕೂತಿದ್ದಾರೆ, ದೇವರು ಚೆನ್ನಾಗಿಟ್ಟಿರಲಿ. ಕೃತಜ್ಞತೆಯ ಪುಟದಲ್ಲಿ ಮೊದಲು ಅವ್ವ, ಆಮೇಲೆ ಸರ್. ಸರ್ ಅವರೇ ಹಾಗೆ ಬರೆಸಿದರು.
ಒಂದೇ ಖಾನೆ ಬಾಕಿ. ಅವ್ವನ ಸಾಲಿನದು — ಪುತಳಾಬಾಯಿ, ಎಷ್ಟು ವರ್ಷದಿಂದ ಕೆಲಸ? ಎಲ್ಲರನ್ನೂ ಕೇಳಿದೆ, ಅವ್ವನನ್ನೇ ಕೇಳಿರಲಿಲ್ಲ. ಈಗ ಫೋನ್ ಮಾಡಿದೆ.
“ನಿನಗೆಷ್ಟು ವಯಸ್ಸೋ ಅದಕ್ಕಿಂತ ತುಸು ಹೆಚ್ಚು. ಮೊದಲ್ನೇ ಸಲ ಹೋದಾಗ ನೀ ಹೊಟ್ಟ್ಯಾಗಿದ್ದಿ.”
ಅಂದರೆ ಆ ವರ್ಷ, ಅಪ್ಪನ ಹೆಸರಿನ ಒಂದೇ ಸಾಲಿನಲ್ಲಿ, ಹೊರೆ ಹೊತ್ತ ಅವ್ವ... ಅವಳೊಳಗೆ ನಾನೂ ಇದ್ದೆ. ಒಂದು ಹೆಸರಿಗೆ ಮೂರು ಜೀವ.