ತಲೆಯ ಕಡೆಯ ಭಾರ

ಮಂಗಳೂರು
18-4-1958

ಮಾನ್ಯ ಆರೋಗ್ಯಾಧಿಕಾರಿಗಳಿಗೆ,

ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಹೊರುವ ನನ್ನನ್ನೂ ಜತೆಗಾರ ಕಮಲಾಕ್ಷನನ್ನೂ ತಾವು ಹೋದ ತಿಂಗಳು ಸಿಡುಬು ತಡೆಯುವ ದಾಕಿಗೆ ಒಂದೇ ದಿನ ಕರೆದಿದ್ದಿರಿ. ದಾಕು ಹಾಕಿದರೆ ತೋಳು ಬಾತು, ವಾರವಿಡೀ ಹೆಚ್ಚು ಭಾರ ಎತ್ತಲಾಗುವುದಿಲ್ಲ. ಇಬ್ಬರೂ ಕೂತರೆ ಗಾಡಿ ನಿಲ್ಲುತ್ತದೆಂದು ನಾವೇ ಸರದಿ ಮಾಡಿಕೊಂಡೆವು. “ಮೊದಲು ನೀನು ಹಾಕಿಸು ಮಾರಾಯ, ನಿನಗೆ ಮಕ್ಕಳುಂಟು” ಎಂದ ಕಮಲಾಕ್ಷ. ಆ ವಾರ ತಲೆಯ ಕಡೆಯ ಭಾರವನ್ನೆಲ್ಲ ಅವನೇ ಹೊತ್ತ; ಹಗುರಾದ ಕಾಲಿನ ಕಡೆಯನ್ನು ನಾನು ಹೇಗೋ ಹಿಡಿದೆ.

ಆ ಬುಧವಾರವೇ ಜೆಪ್ಪುವಿನಿಂದ ಒಬ್ಬ ಮುದುಕಿಯನ್ನು ತಂದೆವು. ಬರೀ ಜ್ವರ ಎಂದಿದ್ದರು. ದಾರಿಯುದ್ದಕ್ಕೂ ಆಕೆ ಕೆಮ್ಮಿದ್ದು ಅವನ ಮುಖಕ್ಕೆ. ಅದು ಸಿಡುಬೆಂದು ಗೊತ್ತಾಗುವಾಗ ಅವನಿಗೆ ದಾಕು ಹಾಕಿ ಫಲವಿರಲಿಲ್ಲ. ಮೊನ್ನೆ ಅವನ ಹೆಣ ಹೊರುವಾಗ ತಲೆಯ ಕಡೆ ನಾನಿದ್ದೆ.

ತಪ್ಪು ನಮ್ಮದೇ. ಆದರೂ ಇನ್ನು ಮುಂದೆ ದಾಕು ಹಾಕುವ ವಾರ ಬದಲಿ ಆಳುಗಳನ್ನು ಕೊಡಿ.

ಅವನ ಜಾಗಕ್ಕೆ ಬಂದ ಹೊಸಬನ ಕೈಯಲ್ಲೇ ಈ ಪತ್ರ ಕಳಿಸಿದ್ದೇನೆ. ಅವನಿಗೆ ಈಗಲೇ ದಾಕು ಹಾಕಿಸಿ. ತೋಳಿನ ಬಾವು ಇಳಿಯುವವರೆಗೆ ಅವನು ಸ್ಟ್ರೆಚರ್ ಮುಟ್ಟಲು ನಾನು ಬಿಡುವುದಿಲ್ಲ. ಮಕ್ಕಳುಂಟೇ ಎಂದು ನಾನು ಅವನನ್ನು ಕೇಳಿಲ್ಲ. ತಾವೂ ಕೇಳಬೇಡಿ.

ಇಂತಿ,
ಕಾಲಿನ ಕಡೆ ಹೊರುತ್ತಿದ್ದ
ಬಾಸಿಲ್ ಲೋಬೊ